ಪುಸ್ತಕವೂ ಪೊರಕೆಯೂ

ಶಾಸ್ತ್ರವನ್ನು ದಿನಾಲೂ ಶೋಧಿಸಿದ ಬೆರೋಯದವರ ವಿಷಯವನ್ನು ಅಪೊಸ್ತಲರ ಕೃತ್ಯಗಳು 17:11ರಲ್ಲಿ ಓದುತ್ತೇವಷ್ಟೆ. ಆ ಊರಿನ ಹೆಸರನ್ನೇ ಹೊತ್ತ ಬೆರಿಯಾ ಎಂಬ ಚಿಕ್ಕ ಕ್ರೈಸ್ತ ಕಾಲೇಜು ಅಮೇರಿಕದ ಕೆಂಟಕಿ ಸೀಮೆಯಲ್ಲಿ ಉಂಟು. ದಾಸತ್ವವನ್ನು ವಿರೋಧಿಸಿದ ಜಾನ್ ಫೀ ಎಂಬ ಬೋಧಕರು 1855ರಲ್ಲಿ ಅದನ್ನು ಸ್ಥಾಪಿಸಿದರು. ಮನುಷ್ಯರೆಲ್ಲರೂ ಒಂದೇ ಮೂಲದವರೆಂಬ 17:26ರ ಉಪದೇಶವೇ ಅದರ ಅಸ್ತಿವಾರ. 1866-67ರಲ್ಲಿ 96 ಮಂದಿ ಕಪ್ಪುವರ್ಣದವರೂ 91 ಮಂದಿ ಬಿಳಿವರ್ಣದವರೂ ಅಲ್ಲಿ ಒಟ್ಟಾಗಿ ಕಲಿತರು. ಈ ಐಕ್ಯವನ್ನು ಸಹಿಸದ ಸೀಮೆಯ ಸರಕಾರವು 1904ರಲ್ಲಿ ಕಾಯಿದೆಯಿಂದ ಅವರನ್ನು ಅಗಲಿಸಿತು. 1950ರಲ್ಲಿ ಆ ಕಾಯಿದೆಯು ತಿದ್ದಲ್ಪಡಲು ಬಾಗಿಲು ಪುನಃ ತೆರೆಯಿತು.

ಅಲ್ಲಿಯ ವಿದ್ಯಾರ್ಥಿಗಳಿಂದ ಬೋಧನೆಗೆ ಹಣ ತೆಗೆದುಕೊಳ್ಳುವದಿಲ್ಲ. ಆದರೆ ಪ್ರತಿಯೊಬ್ಬರೂ ವಾರಕ್ಕೆ ಕಡಿಮೆಯೆಂದರೆ 10 ತಾಸು ದುಡಿಯಲೇಬೇಕು. ಕೆಲವರು ಹೊಲದಲ್ಲಿ, ಕೆಲವರು ಮಗ್ಗದಲ್ಲಿ ಕೆಲಸಮಾಡುವರು. ಕೆಲವರು ಪೊರಕೆ ಕಟ್ಟುವರು. ಪುಸ್ತಕ ಹಿಡಿದ ಕೈಗೆ ಅದು ಅವಮಾನವಲ್ಲ. ಪೌಲನೂ ಗುಡಾರದ ಕಸಬನ್ನು ಮಾಡಿದನಲ್ಲವೇ (18:3)?

ನಮ್ಮಲ್ಲಿಯೋ, ನಾಲ್ಕಕ್ಷರ ಕಲಿತ ಮಗನು ನೇಗಿಲು ಮುಟ್ಟಲು ನಾಚುವದುಂಟು. ಪಂಕ್ತಿಯಲ್ಲಿ ಕೂತಾಗ ಹಳೇ ಜಾತಿಯನ್ನು ನೆನಸುವವರೂ ಉಂಟು. ಹೀಗಾದರೆ ನಮ್ಮ ಓದಿನಿಂದ ಸಭೆಗೆ ಪ್ರಯೋಜನವೇನು? ಮಕ್ಕಳನ್ನು ಶಾಲೆಗೆ ಕಳುಹಿಸುವ ನಾವು ಅವರಿಗಾಗಿ ವಿದ್ಯೆಯ ಸಂಗಡ ದೀನತೆಯನ್ನೂ ದುಡಿಯುವ ಮನಸ್ಸನ್ನೂ ದೇವರಲ್ಲಿ ಬೇಡಿಕೊಳ್ಳೋಣ.