ಸಪ್ತಪದಿ ಕೋಮೊದಲ್ಲಿ, ಸಹಿ ಬಸವನಗುಡಿಯಲ್ಲಿ

2018ರ ನವೆಂಬರ್ 14ರಂದು ಉತ್ತರ ಇಟಲಿಯ ಕೋಮೊ ಸರೋವರದ ದಂಡೆಯಲ್ಲಿ, ವಿಲ್ಲಾ ಡೆಲ್ ಬಾಲ್ಬಿಯಾನೆಲ್ಲೊ ಎಂಬ ಹಳೆಯ ಬಂಗಲೆಯಲ್ಲಿ, ದೀಪಿಕಾ ಪಡುಕೋಣೆ ಮತ್ತು ರಣವೀರ್ ಸಿಂಗ್ ಕೊಂಕಣಿ ಸಂಪ್ರದಾಯದಂತೆ ಸತಿಪತಿಗಳಾದರು. ಮರುದಿನ ಸಿಖ್ ಪದ್ಧತಿಯ ಮದುವೆ, ಆನಂದ್ ಕಾರಜ್. ವಾರ ಕಳೆದು ಬೆಂಗಳೂರಿನಲ್ಲಿ ಆರತಕ್ಷತೆ. ಆ ಫೋಟೊಗಳನ್ನು ನೋಡಿ ‘ನಮ್ಮದೂ ಹಾಗೇ ಆಗಲಿ’ ಎಂದು ಆಸೆಪಟ್ಟವರು ಎಷ್ಟೋ ಮಂದಿ. ಫೋಟೊದಲ್ಲಿ ಕಾಣದ ಸಂಗತಿಯೊಂದಿದೆ. ಆ ವಿಲ್ಲಾಗೆ ದೋಣಿಯಲ್ಲಿ ಹೋಗಬೇಕು, ಇಲ್ಲವೇ ಲೆನ್ನೊ ಊರಿನಿಂದ ಏರುದಾರಿಯಲ್ಲಿ ನಡೆಯಬೇಕು. ಮಂಡಿನೋವಿನ ಅಜ್ಜಿಯನ್ನು ಕರೆದೊಯ್ಯುವವರು ಮುಂಗಡ ಕೊಡುವ ಮೊದಲೇ ವಿಚಾರಿಸಬೇಕಾದ ಮಾತು ಅದು.

ಇನ್ನೊಂದು ವಿಚಾರಣೆ ಅದಕ್ಕಿಂತ ದೊಡ್ಡದು: ಮದುವೆ ಕಾನೂನಿನ ಕಣ್ಣಿಗೆ ಎಲ್ಲಿ ಆಗಬೇಕು, ನೆಂಟರ ಕಣ್ಣಿಗೆ ಎಲ್ಲಿ ಆಗಬೇಕು? ಎರಡನ್ನೂ ಪರದೇಶದ ಒಂದೇ ಮಂಟಪದಲ್ಲಿ ಮುಗಿಸಬೇಕೆಂಬ ಹಟದಿಂದಲೇ ಅರ್ಧ ತಾಪತ್ರಯ ಹುಟ್ಟುವುದು. ವಧೂವರರಿಬ್ಬರೂ ಭಾರತೀಯರಾಗಿ ಇಲ್ಲೇ ನೆಲೆಸಿದ್ದರೆ ಕಾಗದದ ಕೆಲಸವನ್ನು ಊರಲ್ಲಿ ಮುಗಿಸಿ, ಸಂಭ್ರಮವನ್ನಷ್ಟೇ ಹೊರಗೆ ಇಟ್ಟುಕೊಳ್ಳುವುದು ಬಹುಪಾಲು ಸಂದರ್ಭಗಳಲ್ಲಿ ಸುಲಭ, ಅಗ್ಗ.

ಹಾಗೆ ಮುಗಿಸುವುದಕ್ಕೂ ಕ್ರಮವಿದೆ. ವೀಸಾ ಅರ್ಜಿಗೆ ಬೇಕೆಂದು ಯಾವ ಶಾಸ್ತ್ರವೂ ನಡೆಯದೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹಿಂದೂ ವಿವಾಹ ಕಾಯ್ದೆಯಡಿ ‘ಮದುವೆಯಾಗಿದೆ’ ಎಂದು ಬರೆಸಿಕೊಂಡು ಬರುವವರಿದ್ದಾರೆ. 1955ರ ಈ ಕಾಯ್ದೆಯ 7ನೇ ಸೆಕ್ಷನ್ ವಧು ಅಥವಾ ವರನ ಕಡೆಯ ರೂಢಿಯ ವಿಧಿಗಳನ್ನು ಕೇಳುತ್ತದೆ. ಸಪ್ತಪದಿ ಆ ರೂಢಿಯಲ್ಲಿದ್ದರೆ ಏಳನೆಯ ಹೆಜ್ಜೆಗೆ ಮದುವೆ ಪೂರ್ಣ. ವಿಧಿ ನಡೆಯದಿದ್ದರೆ ಬರೀ ನೋಂದಣಿಯಿಂದ ಹಿಂದೂ ವಿವಾಹ ಆಗುವುದಿಲ್ಲ ಎಂದು 2024ರಲ್ಲಿ ಸುಪ್ರೀಂ ಕೋರ್ಟ್ ಖಡಾಖಂಡಿತವಾಗಿ ಹೇಳಿದೆ. ಆದ್ದರಿಂದ ಮನೆಯಲ್ಲೋ ದೇವಸ್ಥಾನದಲ್ಲೋ ಹತ್ತು ಜನರ ಮುಂದೆ ಧಾರೆ ಎರೆದು, ಆಮೇಲೆ ನೋಂದಣಿ ಮಾಡಿಸುವುದು ಸರಿಯಾದ ದಾರಿ. ಶಾಸ್ತ್ರವನ್ನು ವಿದೇಶಕ್ಕೇ ಉಳಿಸಿಕೊಳ್ಳಬೇಕು ಎನ್ನುವವರಿಗೆ, ಅಂತರ್ಧರ್ಮೀಯ ಜೋಡಿಗಳಿಗೆ 1954ರ ವಿಶೇಷ ವಿವಾಹ ಕಾಯ್ದೆ ಇದೆ. ನೋಟಿಸ್ ಕೊಟ್ಟ ಮೇಲೆ ಆಕ್ಷೇಪಣೆಗೆಂದು 30 ದಿನ ಕಾಯಬೇಕು. ಇಬ್ಬರಲ್ಲಿ ಒಬ್ಬರಾದರೂ ನೋಟಿಸ್ ಕೊಡುವ ಜಿಲ್ಲೆಯಲ್ಲಿ ಅದಕ್ಕೂ ಮುಂಚೆ 30 ದಿನ ವಾಸವಿರಬೇಕು. ಎಂದರೆ ಟಿಕೆಟ್ ತೆಗೆಸುವ ಮೊದಲೇ ಕ್ಯಾಲೆಂಡರ್ ಹಿಡಿದು ಕೂರಬೇಕು.

ಏನೂ ಮಾಡಿಸದೆ ನೇರ ಹೋಗಿ ಥಾಯ್ಲೆಂಡಿನ ಫುಕೆಟ್‌ನ ಬೀಚಿನಲ್ಲಿ ಸಪ್ತಪದಿ ತುಳಿದು ಬಂದರೆ? ಹಿಂದೂ ವಿವಾಹ ಕಾಯ್ದೆ ಭಾರತದಲ್ಲಿ ಕಾಯಂ ನೆಲೆಯಿರುವ ಹಿಂದೂಗಳಿಗೆ ದೇಶದ ಹೊರಗೂ ಅನ್ವಯಿಸುತ್ತದೆ, ನಿಜ. ಆದರೆ ವಾಪಸ್ಸು ಬಂದು ‘ಮದುವೆ ನಡೆದ ಸ್ಥಳ’ ಎಂಬ ಕಾಲಂ ತುಂಬುವಾಗ ಕೌಂಟರಿನ ಆಚೆಯಿಂದ ಪ್ರಶ್ನೆಗಳು ಏಳಬಹುದು. ಅಲ್ಲಿನ ಕಾನೂನಿನ ಪ್ರಕಾರ ಕಾಗದವಾಗಿಲ್ಲ, ಇಲ್ಲಿಯದೂ ಇಲ್ಲ. ಎರಡು ದಡದ ನಡುವೆ ನಿಂತಂತೆ.

‘ರಾಯಭಾರ ಕಚೇರಿಯಲ್ಲಿ ಮಾಡಿಕೊಂಡರಾಯಿತು’ ಎನ್ನುವ ಸಲಹೆಯೂ ಕೇಳಿಬರುತ್ತದೆ. 1969ರ ವಿದೇಶಿ ವಿವಾಹ ಕಾಯ್ದೆ ಅದಕ್ಕೆ ಅವಕಾಶ ಕೊಟ್ಟಿದೆ. ಆದರೆ ನೋಟಿಸ್ ಕೊಡುವ ಮುನ್ನ ಇಬ್ಬರಲ್ಲೊಬ್ಬರು ಅಲ್ಲಿ 30 ದಿನ ವಾಸವಿರಬೇಕು. ಐದು ರಾತ್ರಿಯ ಪ್ಯಾಕೇಜಿನಲ್ಲಿ ಹೋದವರಿಗೆ ಇದು ಒದಗದು. ದುಬೈ, ಲಂಡನ್, ಸಿಂಗಪುರದಲ್ಲಿ ನೆಲೆಸಿರುವ ಕನ್ನಡಿಗರಿಗೆ ಹೊಂದುತ್ತದೆ. ಇದೇ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಆ ದೇಶದ ಕಾನೂನಿನಂತೆ ಈಗಾಗಲೇ ನಡೆದ ಮದುವೆಯನ್ನೂ ಅಲ್ಲಿನ ಭಾರತೀಯ ವಿವಾಹ ಅಧಿಕಾರಿಯ ಬಳಿ ನೋಂದಾಯಿಸಬಹುದು. ವರನಿಗೆ 21, ವಧುವಿಗೆ 18 ತುಂಬಿರಬೇಕೆಂಬ ನಿಯಮ ಇಲ್ಲೂ ತಪ್ಪುವುದಿಲ್ಲ.

ಇಟಲಿಯಲ್ಲೇ ಕಾನೂನುಬದ್ಧ ಮದುವೆ ಬೇಕೆನ್ನುವವರು ‘ನುಲ್ಲಾ ಓಸ್ತಾ’ ಎಂಬ ಕಾಗದದಿಂದ ಆರಂಭಿಸಬೇಕು. ಈ ವ್ಯಕ್ತಿ ಮದುವೆಯಾಗಲು ತನ್ನ ದೇಶದ ಕಾನೂನಿನಲ್ಲಿ ಅಡ್ಡಿಯಿಲ್ಲ ಎಂಬ ಈ ಪತ್ರವನ್ನು ಭಾರತೀಯ ದೂತಾವಾಸ ಕೊಡುತ್ತದೆ. ಊರಲ್ಲಿ ಮೊದಲೇ ನೋಂದಣಿಯಾಗಿದ್ದರೆ ಇದು ಸಿಗುವುದಿಲ್ಲ. ಎರಡು ಸಲ ಅವಿವಾಹಿತರಾಗಲು ಬರುವುದಿಲ್ಲವಲ್ಲ! ಹಾಗಾದವರಿಗೆ ಅಲ್ಲಿ ಸಾಂಕೇತಿಕ ಸಮಾರಂಭ ಮಾತ್ರ. ಪುರಸಭೆಯ ಮದುವೆ ತನ್ನದೇ ಗತ್ತಿನದು. ಮೇಯರ್ ಅಥವಾ ಅವರ ಪ್ರತಿನಿಧಿ ಹೆಗಲಿಗೆ ತ್ರಿವರ್ಣ ಪಟ್ಟಿ ಧರಿಸಿ, ಪತಿಪತ್ನಿಯರ ಹಕ್ಕು ಮತ್ತು ಕರ್ತವ್ಯ ಹೇಳುವ ಸಿವಿಲ್ ಸಂಹಿತೆಯ 143, 144, 147ನೇ ವಿಧಿಗಳನ್ನು ಗಟ್ಟಿಯಾಗಿ ಓದುತ್ತಾರೆ. ಇಬ್ಬರು ಸಾಕ್ಷಿಗಳು ಬೇಕು. ಇಟಾಲಿಯನ್ ಬಾರದವರಿಗೆ ದುಭಾಷಿಯೂ ಬೇಕು. ಇದು ನಡೆಯುವುದು ಪುರಸಭೆಯ ಕಟ್ಟಡದಲ್ಲಿ, ಅಥವಾ ಪುರಸಭೆಯೇ ಗೊತ್ತುಪಡಿಸಿದ ವಿಲ್ಲಾ, ಕೋಟೆಗಳಲ್ಲಿ. ಆಯ್ದುಕೊಂಡ ಜಾಗ ಹಾಗೆ ಗೊತ್ತುಪಡಿಸಿದವುಗಳಲ್ಲಿ ಸೇರಿದೆಯೇ ಎಂದು ಲಿಖಿತವಾಗಿ ಕೇಳಿ ಪಡೆಯುವುದು ಮೇಲು.

ಮಂಗಳೂರಿನ ಕಥೋಲಿಕ ಜೋಡಿಗೆ ಇಟಲಿಯ ಚರ್ಚಿನಲ್ಲಿ ನಡೆಯುವ ಮದುವೆಯೇ ನಾಗರಿಕ ಮದುವೆಯಾಗಿಯೂ ದಾಖಲಾಗುವ ಅನುಕೂಲವಿದೆ. ಅದಕ್ಕೆ ಊರಿನ ಧರ್ಮಕೇಂದ್ರದ ಗುರುಗಳಿಂದ ದೀಕ್ಷಾಸ್ನಾನದ ಪ್ರಮಾಣಪತ್ರ, ಬಿಷಪರ ಕಚೇರಿಯ ಅನುಮತಿ ಎಲ್ಲ ಮೊದಲೇ ಹೋಗಬೇಕು. ಸಮುದ್ರದ ದಂಡೆಯಲ್ಲಿ ಸಂಸ್ಕಾರ ನಡೆಸಿಕೊಡಿ ಎಂದರೆ ಬಿಷಪರ ಪ್ರತ್ಯೇಕ ಒಪ್ಪಿಗೆ ಬೇಕು. ಧಾರ್ಮಿಕ ಮರ್ಯಾದೆಯ ಪ್ರಶ್ನೆ ಯಾರನ್ನೂ ಬಿಟ್ಟಿಲ್ಲ: ಕೋಮೊದ ಆನಂದ್ ಕಾರಜ್ ಗುರುದ್ವಾರದ ಹೊರಗೆ ನಡೆದದ್ದಕ್ಕೆ ಇಟಲಿಯ ಸಿಖ್ಖರ ಸಂಘಟನೆಯೊಂದು ಆಗ ಆಕ್ಷೇಪ ಎತ್ತಿತ್ತು.

ಬಾಲಿಯ ಲೆಕ್ಕ ಬೇರೆ. ಇಂಡೊನೇಷ್ಯಾದ 1974ರ ವಿವಾಹ ಕಾನೂನಿನಲ್ಲಿ ಧರ್ಮದ ವಿಧಿಯೇ ಮದುವೆಯ ಬುನಾದಿ, ನೋಂದಣಿ ಆಮೇಲೆ. ಅಲ್ಲಿ ಮಾನ್ಯತೆಯಿರುವ ಆರು ಧರ್ಮಗಳಲ್ಲಿ ಹಿಂದೂ ಧರ್ಮವೂ ಒಂದು. ಆದ್ದರಿಂದ ಹಿಂದೂ ಜೋಡಿಯೊಂದು ಬಾಲಿಯ ಪುರೋಹಿತರ ಮುಂದೆ ಮದುವೆಯಾಗಿ, ಸಿವಿಲ್ ನೋಂದಣಿ ಕಚೇರಿಯಲ್ಲಿ ದಾಖಲಿಸಿಕೊಳ್ಳಬಹುದು. ಇದಕ್ಕೂ ದೂತಾವಾಸದ ನಿರಾಕ್ಷೇಪಣಾ ಪತ್ರ ಬೇಕು. ವಧೂವರರು ಬೇರೆ ಬೇರೆ ಧರ್ಮದವರಾಗಿದ್ದರೆ ಕಾನೂನಿನ ಬಾಗಿಲು ಬಹುಮಟ್ಟಿಗೆ ಮುಚ್ಚಿದೆ. ಅಂಥ ಮದುವೆಗಳ ನೋಂದಣಿಗೆ ಅನುಮತಿ ಕೊಡಬಾರದೆಂದು ಅಲ್ಲಿನ ಸುಪ್ರೀಂ ಕೋರ್ಟ್ 2023ರಲ್ಲಿ ಕೆಳಗಿನ ನ್ಯಾಯಾಲಯಗಳಿಗೆ ಸುತ್ತೋಲೆ ಕಳಿಸಿತು. ಇಂಥವರು ಕಾಗದವನ್ನು ಬೆಂಗಳೂರಿನಲ್ಲಿ ಮುಗಿಸಿ, ಬಾಲಿಯಲ್ಲಿ ಹೂಮಾಲೆ ಬದಲಾಯಿಸಿಕೊಳ್ಳುವುದೇ ವಾಸಿ.

ದಿನಾಂಕದಲ್ಲೂ ಒಂದು ಕೊಕ್ಕೆ ಇದೆ. ಬಾಲಿಯ ಶಕ ವರ್ಷದ ಮೊದಲ ದಿನ ‘ನ್ಯೆಪಿ’, ಮೌನದ ಹಬ್ಬ. ಅಂದು ವಿಮಾನ ನಿಲ್ದಾಣವೂ ಸೇರಿ ಇಡೀ ದ್ವೀಪ 24 ಗಂಟೆ ಮುಚ್ಚಿರುತ್ತದೆ, ಅತಿಥಿಗಳು ಹೋಟೆಲಿನಿಂದ ಹೊರಗೆ ಕಾಲಿಡುವಂತಿಲ್ಲ. ಕೆಲವು ವರ್ಷ ಇದು ಯುಗಾದಿಯ ಮಗ್ಗುಲಿಗೇ ಬರುತ್ತದೆ; 2026ರಲ್ಲಿ ಎರಡೂ ಮಾರ್ಚ್ 19ಕ್ಕೇ ಬಿದ್ದಿವೆ. ಯುಗಾದಿಗೆ ರಜೆ ಸಿಗುತ್ತದೆಂದು ಲಗ್ನ ಇಟ್ಟುಕೊಳ್ಳುವವರು ಎಚ್ಚರ.

ಥಾಯ್ಲೆಂಡ್‌ನಲ್ಲಿ ಮದುವೆ ಎಂದರೆ ಜಿಲ್ಲಾ ಕಚೇರಿಯ ನೋಂದಣಿ, ಅಷ್ಟೇ. ದೂತಾವಾಸದ ಪತ್ರ ಥಾಯ್ ಭಾಷೆಗೆ ಅನುವಾದಗೊಂಡು ಅಲ್ಲಿನ ವಿದೇಶಾಂಗ ಸಚಿವಾಲಯದ ಮೊಹರು ಪಡೆಯಬೇಕು. 2025ರ ಜನವರಿಯಿಂದ ಸಲಿಂಗ ಜೋಡಿಗಳೂ ಅಲ್ಲಿ ನೋಂದಾಯಿಸಿಕೊಳ್ಳಬಹುದು. ಆದರೆ ಸಲಿಂಗ ವಿವಾಹಕ್ಕೆ ಮಾನ್ಯತೆ ಕೊಡಲು ಭಾರತದ ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್ 17ರಂದು ನಿರಾಕರಿಸಿರುವುದರಿಂದ ಆ ಪ್ರಮಾಣಪತ್ರಕ್ಕೆ ಇಲ್ಲಿ ಬೆಲೆ ಸಿಗದು.

ಜರ್ಮನಿಯಲ್ಲಿ ಉದ್ಯೋಗದಲ್ಲಿರುವ ಕನ್ನಡಿಗರ ಕಷ್ಟ ಇನ್ನೊಂದು ಬಗೆಯದು. ಒಂದು ದೇಶದ ದಾಖಲೆಯನ್ನು ಒಂದೇ ಮೊಹರಿನಿಂದ ಇನ್ನೊಂದು ದೇಶ ಒಪ್ಪುವ ಅಪೊಸ್ಟೀಲ್ ಒಪ್ಪಂದಕ್ಕೆ ಭಾರತ 2005ರಲ್ಲಿ ಸೇರಿತಾದರೂ ಜರ್ಮನಿ ಆಕ್ಷೇಪಿಸಿದ್ದರಿಂದ ನಮ್ಮ ಅಪೊಸ್ಟೀಲ್ ಮೊಹರು ಅಲ್ಲಿ ನಡೆಯುವುದಿಲ್ಲ. ದಾಖಲೆಗಳ ಪರಿಶೀಲನೆ ತಿಂಗಳುಗಟ್ಟಲೆ ಎಳೆಯಬಹುದು. ಅದಕ್ಕೇ ಅನೇಕರು ಪಕ್ಕದ ಡೆನ್ಮಾರ್ಕಿಗೆ ಹೋಗುತ್ತಾರೆ. ಅಲ್ಲಿನ ಕುಟುಂಬ ಕಾನೂನು ಇಲಾಖೆಗೆ ಅರ್ಜಿ ಹಾಕಿ ಒಪ್ಪಿಗೆ ಪಡೆದರೆ ಅದು ನಾಲ್ಕು ತಿಂಗಳು ಚಾಲ್ತಿಯಲ್ಲಿರುತ್ತದೆ. ಅಷ್ಟರೊಳಗೆ ಬೇಕಾದ ಊರಿನ ಪುರಭವನದಲ್ಲಿ ಮದುವೆ. ಏರೊ ಎಂಬ ಪುಟ್ಟ ದ್ವೀಪ ಇದಕ್ಕೇ ಹೆಸರಾಗಿದೆ. ಗಲ್ಫ್‌ನಲ್ಲಿರುವವರಿಗೆ ಅಬುಧಾಬಿ ಇದೆ: ಮುಸ್ಲಿಮೇತರರಿಗೆಂದು 2021ರಲ್ಲಿ ಬಂದ ಕಾನೂನಿನಡಿ ನ್ಯಾಯಾಂಗ ಇಲಾಖೆಯೇ ಸಿವಿಲ್ ಮದುವೆ ಮಾಡಿಸುತ್ತದೆ.

ಇನ್ನು ಶಾಸ್ತ್ರದ ಸಿದ್ಧತೆ. ಬೆಂಗಳೂರಿನ ಮುಹೂರ್ತಕ್ಕೆ ಗಡಿಯಾರದ ವ್ಯತ್ಯಾಸ ಕೂಡಿಸಿ ಕಳೆದರೆ ಸಾಲದು. ಲಗ್ನ ಆಯಾ ಸ್ಥಳದ ಸೂರ್ಯೋದಯದ ಮೇಲೆ ನಿಂತಿದೆ, ಪುರೋಹಿತರಿಗೆ ಊರಿನ ಅಕ್ಷಾಂಶ, ರೇಖಾಂಶ ಕೊಟ್ಟೇ ಲೆಕ್ಕ ಹಾಕಿಸಬೇಕು. ಲಾಜಾಹೋಮದ ಬೆಂಕಿಗೆ ಹೋಟೆಲಿನವರ ಒಪ್ಪಿಗೆ ಬೇಕು, ಇಲ್ಲವಾದರೆ ಹೊಗೆಗೆ ಅಲಾರಾಂ ಕೂಗಿಕೊಳ್ಳುತ್ತದೆ. ಬೆಂಕಿಯ ಗೊಡವೆಯೇ ಬೇಡ ಎನ್ನುವವರಿಗೆ ಕುವೆಂಪು ಅವರ ಮಂತ್ರ ಮಾಂಗಲ್ಯವಿದೆ. 1966ರಲ್ಲಿ ಮಗ ತೇಜಸ್ವಿಯ ಮದುವೆಗೆ ಅವರು ಬಳಸಿದ ಈ ಪದ್ಧತಿಗೆ ಪುರೋಹಿತರೂ ಬೇಡ, ಹೋಮವೂ ಬೇಡ. ಕಾಗದಕ್ಕೆ ವಿಶೇಷ ವಿವಾಹ ಕಾಯ್ದೆಯನ್ನು ಜೊತೆಗಿಟ್ಟುಕೊಂಡರೆ ನಿಶ್ಚಿಂತೆ. ಸರೋವರದ ದಂಡೆಗೆ ಇದಕ್ಕಿಂತ ಒಪ್ಪುವ ಶಾಸ್ತ್ರ ಸಿಗುವುದು ಕಷ್ಟ.

ಸಾಮಾನಿನ ಪಟ್ಟಿ ಬರೆಯುವಾಗ ಅತ್ತೆ, ಸೋದರಮಾವಂದಿರಿಗೆ ಒಂದು ಮಾತು ಹೇಳಿಬಿಡಬೇಕು: ಐರೋಪ್ಯ ಒಕ್ಕೂಟದ ದೇಶಗಳಿಗೆ ಹೊರಗಿನಿಂದ ಹಾಲಿನ ಪದಾರ್ಥ ಒಯ್ಯುವಂತಿಲ್ಲ, ಹಾಗಾಗಿ ತುಪ್ಪದ ಡಬ್ಬಿ ಮನೆಯಲ್ಲೇ ಇರಲಿ. ಸಸ್ಯರೋಗವಿಲ್ಲವೆಂಬ ಪ್ರಮಾಣಪತ್ರವಿಲ್ಲದೆ ಮಾವಿನ ಸೊಪ್ಪು, ವೀಳ್ಯದೆಲೆಯೂ ದಾಟವು. ಆ ಪ್ರಮಾಣಪತ್ರದಿಂದ ವಿನಾಯಿತಿ ಪಡೆದ ಐದೇ ಹಣ್ಣುಗಳಲ್ಲಿ ತೆಂಗಿನಕಾಯಿ, ಬಾಳೆ ಎರಡೂ ಇರುವುದು ನಮ್ಮ ಪುಣ್ಯ! ಒಣಕೊಬ್ಬರಿ ಮಾತ್ರ ಬೇಗ ಹೊತ್ತಿಕೊಳ್ಳುವ ವಸ್ತುವೆಂದು ವಿಮಾನದಲ್ಲೇ ನಿಷಿದ್ಧ.

ಒಡವೆಗೆ ಇನ್ನಷ್ಟು ಜಾಗ್ರತೆ ಬೇಕು. ಹೊರಡುವ ದಿನವೇ ವಿಮಾನ ನಿಲ್ದಾಣದ ಕಸ್ಟಮ್ಸ್ ಅಧಿಕಾರಿಗಳಿಗೆ ಆಭರಣ ತೋರಿಸಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಪಡೆದುಕೊಂಡರೆ, ಮರಳುವಾಗ ಅಜ್ಜಿಯ ಕಾಸಿನ ಸರಕ್ಕೆ ಸುಂಕ ಕಟ್ಟಿ ಎನ್ನುವ ಜಗ್ಗಾಟ ಇರುವುದಿಲ್ಲ. ಇದಕ್ಕೆ ಸಮಯ ಹಿಡಿಯುತ್ತದೆ, ಎರಡು ಗಂಟೆ ಮುಂಚೆ ಹೋದರೆ ಸಾಲದು. ವೀಸಾದ ಮಾತಿಗೆ ಬಂದರೆ, ಇಟಲಿಯಂಥ ದೇಶಗಳಿಗೆ ಬೇಕಾದ ಷೆಂಗೆನ್ ವೀಸಾ ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದಲೇ ಹಾಕಬಹುದು. ನೂರು ಜನ ನೆಂಟರಿದ್ದರೆ ಯಾರದಾದರೂ ಒಂದು ತಿರಸ್ಕೃತವಾಗುವ ಸಾಧ್ಯತೆಯನ್ನೂ ಲೆಕ್ಕದಲ್ಲಿಟ್ಟುಕೊಳ್ಳಬೇಕು.

ಅಲ್ಲೇ ಕಾನೂನುಬದ್ಧವಾಗಿ ಮದುವೆಯಾದವರು ಹೊರಡುವ ಮೊದಲು ಪ್ರಮಾಣಪತ್ರಕ್ಕೆ ಆ ದೇಶದ ಅಪೊಸ್ಟೀಲ್ ಅಥವಾ ಅದಕ್ಕೆ ಸಮನಾದ ದೃಢೀಕರಣ, ಇಂಗ್ಲಿಷ್ ಅನುವಾದ, ಎರಡು ಮೂರು ಅಧಿಕೃತ ಪ್ರತಿ ತೆಗೆದುಕೊಂಡೇ ವಿಮಾನ ಹತ್ತುವುದು ಲೇಸು. ಊರಿಗೆ ಬಂದ ಮೇಲೆ ಇಟಲಿಯ ಪುರಸಭೆಗೆ ಮಿಂಚಂಚೆ ಬರೆದು ಕಾಯುವುದು ತಾಳ್ಮೆಯ ಪರೀಕ್ಷೆ. ಸಂಗಾತಿ ವಿದೇಶಿಯಾಗಿದ್ದು ಮುಂದೆ ಓಸಿಐ (ಭಾರತದ ಸಾಗರೋತ್ತರ ನಾಗರಿಕ) ಕಾರ್ಡ್ ಬೇಕೆನ್ನುವುದಾದರೆ ಮದುವೆ ನೋಂದಣಿಯಾಗಿ ಅರ್ಜಿಗೆ ಮುಂಚೆ ಸತತ ಎರಡು ವರ್ಷ ಉಳಿದಿರಬೇಕು. ಹಾಗಾಗಿ ಅಂಥವರು ನೋಂದಣಿಯನ್ನು ಮಧುಚಂದ್ರದ ನಂತರಕ್ಕೆ ಮುಂದೂಡುತ್ತ ಕೂರಬಾರದು.