ಲಿಪಿಸಾಮ್ಯ ಮತ್ತು ಅಂತರಜಾಲದ ನಿಯಮಾವಳಿ: ಕೋಲಾರ ಗಡಿಭಾಗದ ಹಿನ್ನೆಲೆಯಲ್ಲಿ

ಕೋಲಾರ ಜಿಲ್ಲೆಯ ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳು ಆಂಧ್ರಪ್ರದೇಶಕ್ಕೂ ಮಾಲೂರು ತಾಲ್ಲೂಕು ತಮಿಳುನಾಡಿಗೂ ಹೊಂದಿಕೊಂಡಿವೆ. ಮನೆಯಲ್ಲಿ ತೆಲುಗನ್ನಾಡಿ, ಶಾಲೆ ಕಚೇರಿಗಳಲ್ಲಿ ಕನ್ನಡವನ್ನು ಬಳಸುವ ಕುಟುಂಬಗಳು ಇಲ್ಲಿ ಅಪರೂಪವಲ್ಲ. ಒಂದೇ ಮೂಲದಿಂದ ಕವಲೊಡೆದ ಕನ್ನಡ ತೆಲುಗು ಲಿಪಿಗಳು ಇಂದಿಗೂ ಪರಸ್ಪರ ನಿಕಟವಾಗಿವೆ. ಈ ಸಾಮ್ಯವನ್ನು ಗಣಕಜಾಲವು ಹೇಗೆ ಗ್ರಹಿಸುತ್ತದೆ ಎಂಬುದೇ ಪ್ರಸ್ತುತ ಲೇಖನದ ಜಿಜ್ಞಾಸೆ.

ಗಣಕಗಳು ಪರಸ್ಪರ ವ್ಯವಹರಿಸಲು ಒಪ್ಪಿಕೊಂಡ ನಿಯಮಗಳ ಸಮೂಹವೇ ಪ್ರೋಟೋಕಾಲ್. ಇವು ಸ್ತರಸ್ತರವಾಗಿ ಕಾರ್ಯನಿರ್ವಹಿಸುತ್ತವೆ. 1983ರ ಜನವರಿ 1ರಂದು ಅಮೆರಿಕದ ಆರ್ಪಾನೆಟ್ ಜಾಲವು ಅಳವಡಿಸಿಕೊಂಡ ಟಿಸಿಪಿ ಮತ್ತು ಐಪಿಗಳು ಅಂತರಜಾಲದ ತಳಹದಿ. ಮಾಹಿತಿಯ ತುಣುಕುಗಳನ್ನು ವಿಳಾಸದತ್ತ ಸಾಗಿಸುವುದು ಐಪಿಯ ಕೆಲಸ. ಅವುಗಳನ್ನು ಕ್ರಮವಾಗಿ ಜೋಡಿಸಿ, ಕಳೆದುಹೋದುದನ್ನು ಮರಳಿ ತರಿಸುವುದು ಟಿಸಿಪಿಯ ಕೆಲಸ. ಈ ಸ್ತರಗಳಿಗೆ ಭಾಷೆಯ ಅರಿವಿಲ್ಲ.

ಅಕ್ಷರದ ಪ್ರಶ್ನೆ ಏಳುವುದು ಮೇಲಿನ ಸ್ತರದಲ್ಲಿ. ‘ಕೋಲಾರ’ ಎಂಬಲ್ಲಿ ಓದುಗನಿಗೆ ಕಾಣುವುದು ಮೂರು ಅಕ್ಷರ. ಯೂನಿಕೋಡ್‌ನಲ್ಲಿ ಸ್ವರಚಿಹ್ನೆಗಳೂ ಸೇರಿ ಐದು ಸಂಕೇತಗಳು. ಯುಟಿಎಫ್-8 ವಿಧಾನದಲ್ಲಿ ಅವು 15 ಬೈಟ್‌ಗಳಾಗಿ ಸಾಗುತ್ತವೆ. ಕನ್ನಡ ‘ರ’ಕಾರದ ಸಂಕೇತಸಂಖ್ಯೆ 3248, ತೆಲುಗಿನದು 3120. ಕಣ್ಣಿಗೆ ತಲೆಕಟ್ಟಿನಷ್ಟೇ ಭೇದ. ಗಣಕಕ್ಕೆ ಮಾತ್ರ ಎರಡೂ ಬೇರೆಬೇರೆ ಸಂಖ್ಯೆಗಳು.

ಜಾಲತಾಣದ ಹೆಸರನ್ನು ಐಪಿ ವಿಳಾಸಕ್ಕೆ ಪರಿವರ್ತಿಸುವ ಡಿಎನ್‌ಎಸ್ ವ್ಯವಸ್ಥೆಯಲ್ಲಿ ಈ ಭೇದ ತೊಡಕಾಗುತ್ತದೆ. ಅಲ್ಲಿ ಮೊದಲು ರೋಮನ್ ಅಕ್ಷರ, ಅಂಕಿ ಹಾಗೂ ಕಿರುಗೆರೆಗಳಿಗೆ ಮಾತ್ರ ಅವಕಾಶವಿತ್ತು. 2003ರಲ್ಲಿ ಪ್ರಕಟವಾದ ಪ್ಯುನಿಕೋಡ್ ವಿಧಾನವು ಇತರ ಲಿಪಿಗಳ ಹೆಸರುಗಳನ್ನೂ ಆ ಚೌಕಟ್ಟಿಗೆ ಹೊಂದಿಸಿತು. ಕನ್ನಡದ ಹೆಸರೊಂದನ್ನು ಹೋಲುವ ತೆಲುಗು ರೂಪವನ್ನು ಬೇರೊಬ್ಬರು ನೋಂದಾಯಿಸಿದರೆ, ಪಹಣಿಯನ್ನು ಹುಡುಕುವ ರೈತನು ವಂಚಕರ ತಾಣವನ್ನು ತಲುಪಬಹುದು. ಎರಡೂ ಲಿಪಿಗಳನ್ನು ಬಲ್ಲ ಗಡಿನಾಡಿನ ಓದುಗನಿಗೆ ಈ ಅಪಾಯ ಹೆಚ್ಚು. ಏಕೆಂದರೆ ಓದು ತಡೆಯಿಲ್ಲದೆ ಸಾಗುವುದರಿಂದ ಲಿಪಿ ಬದಲಾದುದೇ ಅವನ ಗಮನಕ್ಕೆ ಬಾರದು.

ಈ ಹಿನ್ನೆಲೆಯಲ್ಲಿ, ಜಾಲನಾಮಗಳನ್ನು ನಿರ್ವಹಿಸುವ ಐಕಾನ್ ಸಂಸ್ಥೆಗಾಗಿ ನವಬ್ರಾಹ್ಮಿ ಸಮಿತಿಯು ರೂಪಿಸಿದ ನಿಯಮಾವಳಿ ಗಮನಾರ್ಹವಾದುದು. ಕನ್ನಡ ತೆಲುಗುಗಳ ಸದೃಶ ಅಕ್ಷರಗಳನ್ನು ಅದು ಪರ್ಯಾಯರೂಪಗಳೆಂದು ಗುರುತಿಸಿದೆ. ಒಂದು ಹೆಸರು ಮಂಜೂರಾದರೆ ಅದರ ಸದೃಶರೂಪಕ್ಕೆ ತಡೆಯುಂಟು. ಆದರೆ ಇದರ ವ್ಯಾಪ್ತಿ ಅಗ್ರಸ್ತರದ ಹೆಸರುಗಳಿಗೆ ಸೀಮಿತ. ಉಳಿದ ಹೆಸರುಗಳಿಗೆ ಆಯಾ ನೋಂದಣಿ ಸಂಸ್ಥೆಗಳ ನಿಯಮಗಳೇ ಅನ್ವಯಿಸುತ್ತವೆ.

ಯಾವ ಎರಡು ಅಕ್ಷರಗಳನ್ನು ಸದೃಶವೆಂದು ಪರಿಗಣಿಸಬೇಕು ಎಂಬುದನ್ನು ಪ್ರೋಟೋಕಾಲ್ ತಾನಾಗಿ ನಿರ್ಧರಿಸಲಾರದು. ಅದಕ್ಕೆ ಲಿಪಿಜ್ಞಾನವೂ ಓದುಗರ ರೂಢಿಯ ಪರಿಚಯವೂ ಬೇಕು. ಶಾಸನಲಿಪಿಗಳ ವಿಕಾಸವನ್ನು ಬೋಧಿಸುವ ಕನ್ನಡ ವಿಭಾಗಗಳು ಈ ಅಧ್ಯಯನವನ್ನು ತಮ್ಮದೆಂದೇ ಭಾವಿಸಬೇಕಾಗಿದೆ.