ಭಯದ ಆಟವೊಂದು ಚಲಚ್ಚಿತ್ರವಾದ ಬಗೆ

ನಮ್ಮ ವಿದ್ಯಾರ್ಥಿಗಳಲ್ಲಿ ಕೆಲವರು ‘ರೆಸಿಡೆಂಟ್ ಈವಿಲ್’ ಎಂಬ ಕಂಪ್ಯೂಟರ್ ಆಟದ ಹೆಸರನ್ನು ಕೇಳಿರಬಹುದು. ಅದನ್ನು ಕೇಳಿ ಅವರ ತಂದೆತಾಯಿಗಳು ಮುಖ ಸಿಂಡರಿಸಿರಲೂಬಹುದು. ಸತ್ತವರು ಎದ್ದು ನಡೆಯುವ, ನೆತ್ತರು ಹರಿಯುವ ಆಟವದು. ಅಮೆರಿಕದಲ್ಲಿ ಅದರ ಪೆಟ್ಟಿಗೆಯ ಮೇಲೆಯೇ 17 ವರ್ಷ ತುಂಬಿದವರಿಗೆಂಬ ಗುರುತುಂಟು. ಆದುದರಿಂದ ಹಿರಿಯರ ಅಸಮಾಧಾನ ನ್ಯಾಯವಾದುದೇ. ಆದರೂ ಆ ಆಟವನ್ನು ಆಧರಿಸಿ ಜಪಾನಿನವರು 2008ರಲ್ಲಿ ಒಂದು ಚಲಚ್ಚಿತ್ರವನ್ನು ಆದ್ಯಂತವಾಗಿ ಕಂಪ್ಯೂಟರಿನಲ್ಲಿಯೇ ರಚಿಸಿದ ಕ್ರಮದಲ್ಲಿ ನಾವು ತಿಳಿಯತಕ್ಕ ವಿಷಯ ಬಹಳವಿದೆ. ಅದನ್ನು ತಿಳಿಯಲು ಆಟವನ್ನು ಆಡಬೇಕಾಗಿಲ್ಲ, ಚಿತ್ರವನ್ನು ನೋಡಲೂ ಬೇಕಾಗಿಲ್ಲ.

ಮೊದಲು ಆಟದ ಸಂಗತಿ. ಒಸಾಕಾ ನಗರದ ಕ್ಯಾಪ್‌ಕಾಮ್ ಸಂಸ್ಥೆಯು ಶಿಂಜಿ ಮಿಕಾಮಿ ಎಂಬವರ ನಿರ್ದೇಶನದಲ್ಲಿ ಇದನ್ನು 1996ರಲ್ಲಿ ಪ್ಲೇಸ್ಟೇಷನ್ ಯಂತ್ರಕ್ಕಾಗಿ ಹೊರತಂದಿತು. ಜಪಾನಿನಲ್ಲಿ ಇದಕ್ಕೆ ‘ಬಯೋಹಜಾರ್ಡ್’ ಎಂದು ಹೆಸರು. ಆಟಗಾರನು ಗುಂಡಿ ಒತ್ತಿದೊಡನೆ ಪರದೆಯ ಚಿತ್ರ ಬದಲಾಗಬೇಕಷ್ಟೆ. ಅಷ್ಟು ಬೇಗನೆ ಇಡೀ ಬಂಗಲೆಯೊಂದನ್ನು ಚಿತ್ರಿಸುವ ಶಕ್ತಿ ಆ ಕಾಲದ ಯಂತ್ರಕ್ಕಿರಲಿಲ್ಲ. ಆದಕಾರಣ ಕೋಣೆಗಳನ್ನೆಲ್ಲ ಮೊದಲೇ ನಿಶ್ಚಲ ಚಿತ್ರಗಳಾಗಿ ಸಿದ್ಧಪಡಿಸಿಟ್ಟು, ಅವುಗಳ ಮುಂದೆ ಮನುಷ್ಯರ ಮತ್ತು ಪ್ರೇತಗಳ ಆಕೃತಿಗಳನ್ನು ಮಾತ್ರ ನಡೆಸಿದರು. ನೋಟದ ಕೋನ ಆಟಗಾರನ ವಶದಲ್ಲಿಲ್ಲ. ಮೂಲೆಯ ಆಚೆ ಏನಿದೆಯೋ ಕಾಣುವುದಿಲ್ಲ; ಹೆಜ್ಜೆಯ ಸಪ್ಪಳ ಮಾತ್ರ ಕೇಳುತ್ತದೆ. ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುವಾಗ ಸಿ.ಡಿ. ತಟ್ಟೆಯಿಂದ ಮುಂದಿನ ಕೋಣೆಯನ್ನು ಓದಿಕೊಳ್ಳಲು ಯಂತ್ರಕ್ಕೆ ಕೆಲವು ಸೆಕೆಂಡುಗಳು ಬೇಕಾಗುತ್ತಿದ್ದುವು; ಆ ಹೊತ್ತಿನಲ್ಲಿ ಕಗ್ಗತ್ತಲೆಯ ನಡುವೆ ಬಾಗಿಲೊಂದು ಮೆಲ್ಲನೆ ತೆರೆಯುವುದನ್ನು ತೋರಿಸಿದರು. ಯಂತ್ರದ ಬಡತನವೇ ಭಯಕ್ಕೆ ಬಂಡವಾಳವಾಯಿತು.

ಆಟದಲ್ಲಿ ಆ ಬಾಗಿಲನ್ನು ತೆರೆಯುವವನು ಆಟಗಾರನೇ. ಅವನು ಗುಂಡಿ ಒತ್ತದಿದ್ದರೆ ಬಾಗಿಲು ತೆರೆಯದು. ಚಿತ್ರಮಂದಿರದಲ್ಲಿ ಕುಳಿತವನ ಕೈ ಬರಿದು. ಅವನು ಬೇಡವೆಂದರೂ ಬಾಗಿಲು ತೆರೆಯುತ್ತದೆ. ಇದು ಸಣ್ಣ ವ್ಯತ್ಯಾಸವಲ್ಲ. ಆಟದಿಂದ ಚಿತ್ರ ಮಾಡಹೊರಟವರೆಲ್ಲರಿಗೂ ಎದುರಾಗುವ ಮೊದಲ ತೊಡಕು ಇದೇ.

ನಟರನ್ನಿಟ್ಟು ತೆಗೆದ ಚಿತ್ರವೊಂದು 2002ರಲ್ಲಿಯೇ ಬಂದಿತ್ತು. ಅದರ ನಾಯಕಿಯು ಆಟದಲ್ಲಿ ಇಲ್ಲದವಳು. 2008ರ ‘ಡಿಜೆನರೇಷನ್’ ಚಿತ್ರವು ಬೇರೆ ದಾರಿ ಹಿಡಿಯಿತು. ಕ್ಯಾಪ್‌ಕಾಮ್ ಸಂಸ್ಥೆಯೇ ಅದರ ನಿರ್ಮಾಣದಲ್ಲಿ ಪಾಲುಗೊಂಡಿತು. ಚಿತ್ರರಚನೆಯ ಕೆಲಸ ಡಿಜಿಟಲ್ ಫ್ರಾಂಟಿಯರ್ ಸಂಸ್ಥೆಯದು. ನಿರ್ದೇಶಕರು ಮಕೋಟೊ ಕಮಿಯಾ. 1998ರ ಎರಡನೆಯ ಆಟದಲ್ಲಿ ಬಂದ ಲಿಯೊನ್ ಮತ್ತು ಕ್ಲೇರ್ ಎಂಬಿಬ್ಬರು ಇಲ್ಲಿ ಏಳು ವರ್ಷಗಳ ತರುವಾಯ ವಿಮಾನ ನಿಲ್ದಾಣವೊಂದರಲ್ಲಿ ಮತ್ತೆ ಸಂಧಿಸುತ್ತಾರೆ. ಇಬ್ಬರ ಇಂಗ್ಲಿಷ್ ಕಂಠವೂ ಆಟಗಳಲ್ಲಿ ಕೇಳಿದ್ದ ಕಂಠವೇ. ಕೈಯಲ್ಲಿ ಗುಂಡಿಯಿಲ್ಲದ ಪ್ರೇಕ್ಷಕನಿಗೆ ಹಳೆಯ ಪರಿಚಯವನ್ನಾದರೂ ಕೊಟ್ಟರೆನ್ನಬಹುದು.

ಇನ್ನು ರಚನೆಯ ಕ್ರಮ. ಕಂಪ್ಯೂಟರಿನಲ್ಲಿ ಮನುಷ್ಯನ ಆಕೃತಿಯೆಂದರೆ ಮೀನಿನ ಬಲೆಯಂತೆ ಹೆಣೆದ ಸಾವಿರಾರು ಸಣ್ಣ ಮೂರುಮೂಲೆ, ನಾಲ್ಕುಮೂಲೆಗಳ ಮೇಲ್ಮೈ. ಅದರೊಳಗೆ ಕಲ್ಪಿತ ಎಲುಬುಗಳನ್ನು ಜೋಡಿಸುತ್ತಾರೆ. ಎಲುಬು ಬಾಗಿದರೆ ಬಲೆಯೂ ಬಾಗುತ್ತದೆ. ಬೊಂಬೆಯಾಟದವರು ಸೂತ್ರವನ್ನು ಹೊರಗಿನಿಂದ ಎಳೆಯುತ್ತಾರೆ. ಇಲ್ಲಿ ಸೂತ್ರ ಒಳಗಿದೆ, ಅಷ್ಟೆ. ಆ ಎಲುಬುಗಳನ್ನು ಆಡಿಸಲು ನಿಜವಾದ ನಟನನ್ನು ಕರೆಸುತ್ತಾರೆ. ಅವನು ಮೈಗೆ ಅಂಟುವ ಉಡುಪು ಧರಿಸಿ, ಕೀಲುಕೀಲುಗಳ ಬಳಿ ಬೆಳಕನ್ನು ಹಿಂದಿರುಗಿಸುವ ಸಣ್ಣ ಗುಂಡುಗಳನ್ನು ಅಂಟಿಸಿಕೊಂಡು, ಸುತ್ತಲೂ ಕ್ಯಾಮೆರಾಗಳನ್ನಿಟ್ಟ ಬರಿಯ ಕೋಣೆಯಲ್ಲಿ ಓಡುತ್ತಾನೆ, ಬೀಳುತ್ತಾನೆ, ಸತ್ತವನಂತೆ ಕಾಲೆಳೆದು ನಡೆಯುತ್ತಾನೆ. ಎರಡು ಕ್ಯಾಮೆರಾಗಳು ಒಂದೇ ಗುಂಡನ್ನು ಕಂಡರೆ, ಅವುಗಳ ನಡುವಣ ಅಂತರ ಮತ್ತು ಕೋನಗಳಿಂದ ಆ ಗುಂಡು ಎಲ್ಲಿದೆಯೆಂದು ಲೆಕ್ಕ ಹಾಕಬಹುದು. ತ್ರಿಭುಜದ ಪಾಠ ಯಾತಕ್ಕೆಂದು ತರಗತಿಯಲ್ಲಿ ಕೇಳುವವರು ಇದನ್ನು ಗಮನಿಸಬೇಕು.

ದೇಹದ ಚಲನೆ ಹೀಗೆ ಸುಲಭವಾಗಿ ಬಂತು. ಮುಖ ಬರಲಿಲ್ಲ. ಮುಖದ ಮೇಲೂ ಚುಕ್ಕೆಗಳನ್ನಿಟ್ಟು ಹುಬ್ಬು ತುಟಿಗಳ ಚಲನೆಯನ್ನು ಹಿಡಿಯಬಹುದಾದರೂ ಕಣ್ಣುಗುಡ್ಡೆಯ ಮೇಲೆ ಚುಕ್ಕೆಯಿಡುವುದೆಂತು? ಟೋಕಿಯೋದ ಪ್ರಾಧ್ಯಾಪಕ ಮಸಾಹಿರೊ ಮೋರಿಯವರು ಯಂತ್ರಮಾನವರನ್ನು ಕುರಿತು 1970ರಲ್ಲಿ ಬರೆದ ಲೇಖನದಲ್ಲಿ ಒಂದು ವಿಚಾರ ಹೇಳಿದ್ದರು. ಬೊಂಬೆಯು ಮನುಷ್ಯನನ್ನು ಹೋಲುತ್ತ ಹೋದಂತೆ ನಮ್ಮ ಪ್ರೀತಿ ಏರುತ್ತದೆ. ಆದರೆ ಬಹಳ ಹೋತು, ಪೂರ್ತಿ ಹೋಲದೆ ಉಳಿದಾಗ ಆ ಪ್ರೀತಿ ತಟ್ಟನೆ ಪಾತಾಳಕ್ಕಿಳಿದು ಅಸಹ್ಯ ಹುಟ್ಟುತ್ತದೆ. ಅವರು ಬರೆದ ರೇಖಾಚಿತ್ರದ ಆ ಕಣಿವೆಯ ತಳದಲ್ಲಿ ಶವವೂ ಎದ್ದು ನಡೆಯುವ ಶವವೂ ಇವೆ. 2004ರ ‘ಪೋಲಾರ್ ಎಕ್ಸ್‌ಪ್ರೆಸ್’ ಎಂಬ ಅಮೆರಿಕದ ಚಿತ್ರದ ಮಕ್ಕಳ ಕಣ್ಣುಗಳಲ್ಲಿ ಜೀವವಿಲ್ಲವೆಂದು ಅನೇಕರು ದೂರಿದುದು ಇದೇ ಕಾರಣದಿಂದ.

ಈಗ ‘ಡಿಜೆನರೇಷನ್’ ಚಿತ್ರದ ವಿಚಿತ್ರ ಸ್ಥಿತಿಯನ್ನು ನೋಡಿರಿ. ಸತ್ತವರಿಗೆ ಈ ದೋಷವೇ ಅಲಂಕಾರ. ಮಂಕುಗಣ್ಣು, ತಡವರಿಸುವ ತುಟಿ, ಚರ್ಮದ ಮೇಣದ ಹೊಳಪು, ಇವೆಲ್ಲ ಪ್ರೇತಕ್ಕೆ ಒಪ್ಪುತ್ತವೆ. ಬದುಕಿರುವವರಿಗೆ ಅದೇ ಶಾಪ. ಗೆಳತಿಯನ್ನು ಸಂತೈಸುವ ಮಾತಿನಲ್ಲಿ ಕಣ್ಣು ಒಂದಿಷ್ಟು ಹೊತ್ತು ಹೆಚ್ಚು ನಿಂತರೆ ಸಾಕು, ಮರುಕ ಮಾಯವಾಗುತ್ತದೆ. ನಮ್ಮ ಅಭಿಪ್ರಾಯದಲ್ಲಿ ವಿಮಾನ ನಿಲ್ದಾಣದ ಮೊದಲರ್ಧವೇ ಚಿತ್ರದ ಉತ್ತಮ ಭಾಗ. ಅಲ್ಲಿ ಜನಸಂದಣಿಯುಂಟು, ಓಟವುಂಟು, ಕತ್ತಲೆಯುಂಟು. ಮುಖವನ್ನು ದೀರ್ಘವಾಗಿ ನೋಡುವ ಪ್ರಸಂಗ ಕಡಮೆ. ಮುಂದೆ ಪಾತ್ರಗಳು ನಿಂತು ತಮ್ಮ ದುಃಖವನ್ನು ಹೇಳಿಕೊಳ್ಳುವಾಗ ಬೊಂಬೆಯ ನೆನಪು ಬರುತ್ತದೆ.

ಕೊನೆಯ ಕೆಲಸ ಬೆಳಕಿನದು. ಯಾವ ದೀಪದ ಕಿರಣ ಯಾವ ಗೋಡೆಯನ್ನು ತಾಕಿ ಎಲ್ಲಿಗೆ ಚಿಮ್ಮುವುದೆಂದು ಪ್ರತಿಯೊಂದು ಚಿತ್ರಕ್ಕೂ ಲೆಕ್ಕ ಹಾಕಬೇಕು. ಈ ಚಲಚ್ಚಿತ್ರದ ಅವಧಿ 97 ನಿಮಿಷ. ಸೆಕೆಂಡಿಗೆ 24ರಂತೆ ಒಟ್ಟು 1,39,680 ಚಿತ್ರಗಳು. ಒಂದು ಚಿತ್ರಕ್ಕೆ ಒಂದು ಯಂತ್ರ ಒಂದು ಗಂಟೆ ತೆಗೆದುಕೊಳ್ಳುವುದೆಂದು ಉದಾಹರಣೆಗಾಗಿ ಇಟ್ಟುಕೊಂಡರೆ 5,820 ದಿನ, ಅಂದರೆ ಹೆಚ್ಚುಕಡಮೆ 16 ವರ್ಷ! ಯಂತ್ರಗಳು 200 ಇದ್ದರೆ ಅದೇ ಕೆಲಸ 30 ದಿನಗಳೊಳಗೆ ಮುಗಿಯುತ್ತದೆ. ಈ ಲೆಕ್ಕವನ್ನು ಮೇಲ್ತರಗತಿಯವರು ಮಾಡಿ ನೋಡಲಿ. ಆಟಕ್ಕೆ ಈ ಅವಕಾಶವಿಲ್ಲ. ಅದು ತನ್ನ ಪ್ರತಿಯೊಂದು ಚಿತ್ರವನ್ನೂ ಆಡುವವನ ಎದುರಿನಲ್ಲಿಯೇ ಕ್ಷಣಾರ್ಧದಲ್ಲಿ ಬರೆಯಬೇಕು. ಚಿತ್ರ ಮಾಡುವವರಿಗಿದ್ದ ದೊಡ್ಡ ಅನುಕೂಲವೆಂದರೆ ಕಾಲ.

ಆ ಅನುಕೂಲವೂ ಈಚೆಗೆ ಕರಗಿದೆ. ಇದೇ ಪರಂಪರೆಯ ಪೂರ್ಣಾವಧಿ ಚಿತ್ರಗಳು 2012, 2017 ಮತ್ತು 2023ರಲ್ಲಿ ಬಂದುವು. ಒಂದೊಂದರಲ್ಲಿಯೂ ಮುಖಗಳು ಸುಧಾರಿಸಿದುವು. ಅಷ್ಟರಲ್ಲಿ 1998ರ ಆಟವನ್ನು ಕ್ಯಾಪ್‌ಕಾಮ್ 2019ರಲ್ಲಿ ಹೊಸದಾಗಿ ನಿರ್ಮಿಸಿ, ನಿಜವಾದ ಮನುಷ್ಯರ ಮುಖಗಳನ್ನು ಸುತ್ತಲಿನಿಂದ ಛಾಯಾಚಿತ್ರ ತೆಗೆದು ಅಳವಡಿಸಿತು. ಆ ಆಟದ ಲಿಯೊನ್ ಈಗ ಗುಂಡಿ ಒತ್ತಿದೊಡನೆ ತಿರುಗಿ ನೋಡುತ್ತಾನೆ. ಅವನ ಮುಖವನ್ನು 2008ರ ಚಿತ್ರದ ಲಿಯೊನನ ಮುಖದ ಪಕ್ಕದಲ್ಲಿಟ್ಟರೆ ಜೀವವುಳ್ಳದ್ದು ಯಾವುದೆಂದು ಹೇಳಲು ಯಾರೂ ತಡಮಾಡಲಾರರು.